ಎಪಾಕ್ಸಿ ನೆಲಕ್ಕೆ ಸಗಣಿ ಸಾರಣೆ

ಮೊನ್ನೆ ಮೊಣಕಾಲು ತೋರಿಸಿಕೊಳ್ಳಲು ಕಲಬುರಗಿಗೆ ಹೋಗಿದ್ದೆ. ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ, ಗಾಡಿ ನಿಲ್ಲಿಸುವ ಜಾಗಕ್ಕೆ ಹೊಸ ನೆಲ ಹಾಕುತ್ತಿದ್ದರು. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಇಲಿ ಸತ್ತ ಮೂಲೆಯಲ್ಲಿ ಯಾರೋ ಬಣ್ಣದ ಡಬ್ಬಿ ಉರುಳಿಸಿದಂಥ ವಾಸನೆ. ಜೊತೆಗಿದ್ದ ಸೊಸೆ ಮೂಗು ಮುಚ್ಚಿಕೊಂಡು, "ಏನ್ ನಾರಾಕತ್ತೈತ್ರಿ ಇದು, ನಡೀರಿ ಅತ್ತಿ ಮ್ಯಾಲ" ಎಂದಳು. ನನಗೆ ಕಾಲು ಏಳಲಿಲ್ಲ. ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷಗಳಲ್ಲಿ ಏನೇನೋ ಮರೆತಿದ್ದೇನೆ, ಸ್ವಂತ ಮದುವೆಯ ಊಟದಲ್ಲಿ ಏನಿತ್ತೆಂದು ಕೇಳಿದರೆ ತಡವರಿಸುತ್ತೇನೆ. ಆದರೆ ನಾಚಿಕೆಯಿಂದ ಕುಗ್ಗಿದ ಆ ಒಂದು ಬೆಳಗು ಮಾತ್ರ ಹಾಗೇ ಇದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಳಂದ ತಾಲೂಕಿನ ನಿಂಬರ್ಗಾದವಳು, ಜೇವರ್ಗಿಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೈವೇ ಬದಿಗೆ ನಮ್ಮ ಗ್ಯಾರೇಜು, ಅದರ ಬೆನ್ನಿಗೆ ಮನೆ, ನಡುವೆ ಒಂದು ಸಣ್ಣ ಬಾಗಿಲು. ಮಾವ ತೀರಿಕೊಂಡಿದ್ದರು. ಗ್ಯಾರೇಜನ್ನು ನಮ್ಮ ಮನೆಯವರು, ಬಸವರಾಜ, ನೋಡಿಕೊಳ್ಳುತ್ತಿದ್ದರು. ಮನೆಯನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ನನ್ನನ್ನು ನೋಡಿಕೊಳ್ಳುವ ಕೆಲಸವೂ ಅವರದೇ ಆಗಿತ್ತು. ಅದನ್ನವರು ಮನಸ್ಸಿಟ್ಟು ಮಾಡುತ್ತಿದ್ದರು. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ನಿಂಬರ್ಗಾದಾಗ ಇಷ್ಟ್ ದಪ್ಪ ತಿಂತೀರೇನ್ ಬೇ?" ಎಂದು ಕೇಳುವುದು ದಿನದ ಮಾತಾಗಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಉತ್ತರ ಕೊಡುವಂತಿಲ್ಲ, ಕೊಡದೆ ಇರಲೂ ಆಗದು. ಒಳಗೆ ಹೋಗಿ ಪಾತ್ರೆಗಳನ್ನು ಸದ್ದಾಗುವಂತೆ ಇಡುತ್ತಿದ್ದೆ.

ಆ ವರ್ಷ ಮಳೆಗಾಲದ ಮೊದಲಿಗೆ ಒಂದು ಟ್ರ್ಯಾಕ್ಟರ್ ಕಂಪನಿಯವರು ಬಂದರು. ತಮ್ಮ ಗಾಡಿಗಳ ರಿಪೇರಿಗೆ ಈ ಭಾಗದಲ್ಲಿ ಒಂದೇ ಒಂದು ವರ್ಕ್‌ಶಾಪನ್ನು ಗೊತ್ತುಮಾಡಿಕೊಳ್ಳುವ ವಿಚಾರ ಅವರದು. ನಮ್ಮದು, ಇಲ್ಲವೆ ಅಫಜಲಪುರದ್ದು. ಅಫಜಲಪುರದ ಗ್ಯಾರೇಜು ನಮಗಿಂತ ದೊಡ್ಡದು. ಬಂದ ಸಾಹೇಬರು ನಮ್ಮಲ್ಲಿ ಎಲ್ಲ ನೋಡಿ, ಕೊನೆಗೆ ನೆಲ ನೋಡಿ ಮುಖ ಸಿಂಡರಿಸಿದರು. ಶಹಾಬಾದಿನ ಪರಸಿಕಲ್ಲು ಹಾಸಿದ ನೆಲ, ಮಾವನ ಕಾಲದ್ದು. ಸಂದಿಸಂದಿಗೂ ಎಣ್ಣೆ ಇಳಿದು ಕಪ್ಪಾಗಿತ್ತು. ಬಿದ್ದ ನಟ್ಟು ಹುಡುಕಲು ಮೆಕ್ಯಾನಿಕ್ಕುಗಳು ಮೊಳೆಯಿಂದ ಸಂದಿ ಕೆದಕುತ್ತಿದ್ದರು. "ಎಪಾಕ್ಸಿ ಹಾಕಿಸಿ, ಆಮೇಲೆ ಮಾತಾಡೋಣ" ಎಂದು ಸಾಹೇಬರು ಹೊರಟುಹೋದರು.

ಎಪಾಕ್ಸಿ ಎಂದರೇನು ಎಂದು ಜೇವರ್ಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯ ಪರಸಿ ದೇಶಕ್ಕೆಲ್ಲ ಹೋಗುವಾಗ, ನಾವು ಅದನ್ನು ಕಿತ್ತು ಔಷಧದ ನೆಲ ಹಾಕಿಸುತ್ತೇವೆಂದರೆ ಊರು ಸುಮ್ಮನಿರುತ್ತದೆಯೇ? ಚಾದ ಅಂಗಡಿಯಲ್ಲಿ ನಮ್ಮ ಮನೆಯವರನ್ನು ಕಂಡಾಗಲೆಲ್ಲ, "ಏನ್ ಬಸಣ್ಣ, ನೆಲಕ್ಕ ಡಾಕ್ಟರ್ ಯಾವಾಗ ಬರ್ತಾನ?" ಎಂದು ಕಾಲೆಳೆಯುತ್ತಿದ್ದರು. ಇವರು ನಗುತ್ತಿರಲಿಲ್ಲ. ಆ ವರ್ಷ ಅವರು ನಗುವುದನ್ನೇ ಬಿಟ್ಟಿದ್ದರು. ಕಂಪನಿಯ ಬೋರ್ಡು ಅಫಜಲಪುರದಲ್ಲಿ ಏರಿದರೆ ತಮ್ಮ ಗ್ಯಾರೇಜಿಗೆ ಪಂಚರ್ ಗಾಡಿ ಬಿಟ್ಟು ಬೇರೆ ಬರುವುದಿಲ್ಲ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಪರಸಿ ಕಿತ್ತು ಕಾಂಕ್ರೀಟು ಹಾಕಿದ್ದಾಯಿತು. ಆದರೆ ಆ ಸಲ ಮಳೆ ಹಿಡಿದುಕೊಂಡಿತು. ಸೋಲಾಪುರದಿಂದ ಬಂದ ಕೆಲಸಗಾರ ಶಿಂಧೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಅಂಟಿಸಿ, ಮರುದಿನ ಎತ್ತಿ ನೋಡುತ್ತಿದ್ದ. ಹಾಳೆಯ ಒಳಮೈಗೆ ನೀರಿನ ಹನಿ ಕಂಡರೆ, "ಇಲ್ಲ ಸಾಹೇಬ್, ಜಮೀನು ಇನ್ನೂ ಬೆವರಾಕತ್ತೈತಿ" ಎಂದು ಸೋಲಾಪುರದ ಬಸ್ಸು ಹತ್ತಿಬಿಡುತ್ತಿದ್ದ. ನಮ್ಮದು ಕರಿ ಎರೆಮಣ್ಣು. ಒಮ್ಮೆ ನೀರು ಕುಡಿದರೆ ಸುಲಭಕ್ಕೆ ಬಿಡುವುದಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು. ಹೊಲಗಳಲ್ಲಿ ತೊಗರಿ ಹೂವಾಗಿ, ಕಾಯಿಯಾಗಿ ನಿಂತಿತು. ಗ್ಯಾರೇಜಿನ ಕೆಲಸವೆಲ್ಲ ಹೊರಗೆ ಬೇವಿನ ಮರದ ಕೆಳಗೆ ನಡೆಯುತ್ತಿತ್ತು. ಕೊನೆಗೆ ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ, ಒಂದು ಬೆಳಗ್ಗೆ ಶಿಂಧೆ ಹಾಳೆ ಎತ್ತಿ ನೋಡಿ, ಅದನ್ನು ನಮ್ಮ ಮನೆಯವರ ಕೆನ್ನೆಗೆ ಒತ್ತಿ, "ನೋಡ್ರಿ, ಒಣಗೈತಿ" ಎಂದ.

ಆಮೇಲಿನದನ್ನು ನಾನು ನಡುವಿನ ಬಾಗಿಲಲ್ಲಿ ನಿಂತು ನೋಡಿದೆ. ಮಷಿನ್ನಿನಿಂದ ನೆಲ ಉಜ್ಜಿದರು, ಧೂಳನ್ನೆಲ್ಲ ಹೀರಿ ತೆಗೆದರು, ತೆಳ್ಳಗೆ ಒಂದು ಅಸ್ತರಿನ ಬಣ್ಣ ಬಳಿದರು. ಮರುದಿನ ಶಿಂಧೆ ಎರಡು ಡಬ್ಬಿಗಳನ್ನು ಒಂದೇ ಬಕೀಟಿಗೆ ಸುರಿದು ಕಲಸಿದ. ಕಲಸಿದ ಮೇಲೆ ಆತನಿಗೆ ದೆವ್ವ ಹಿಡಿದ ಹಾಗಾಗುತ್ತಿತ್ತು. ತಡವಾದರೆ ಬಕೀಟಿನಲ್ಲೇ ಕಲ್ಲಾಗುತ್ತದೆಯಂತೆ. ಕಾಲಿಗೆ ಮೊಳೆ ಮೊಳೆಯ ಚಪ್ಪಲಿ ಕಟ್ಟಿಕೊಂಡು ಆ ಹಸಿ ನೆಲದ ಮೇಲೇ ನಡೆದಾಡುತ್ತ, ಮುಳ್ಳಿನ ರೋಲರ್ ಉರುಳಿಸಿ ಗುಳ್ಳೆ ಒಡೆಯುತ್ತಿದ್ದ. ಹೊತ್ತು ಇಳಿಯುವ ಮುಂಚೆ ಮುಗಿಯಿತು. ಬೂದಿ ಬಣ್ಣದ ನೆಲ, ಒಂದೇ ಒಂದು ಗೆರೆ ಇಲ್ಲ, ಮೇಲಿನ ತಗಡಿನ ಮಾಡು ಅದರಲ್ಲಿ ಕಾಣುತ್ತಿತ್ತು. ಅತ್ತೆ ಕೂಡ ಬಂದು ನೋಡಿ, "ಹೊಂಡದಾಗ ನೀರು ನಿಂತಂಗ ಐತಲ್ಲ" ಎಂದು ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಶಿಂಧೆ ಗಂಡಸರಿಗೆಲ್ಲ ಹೇಳಿದ: ಒಂದು ವಾರ ನೀರು ಬೀಳಬಾರದು, ಚಳಿ ಇದೆ, ಒಣಗುವುದು ತಡ. ನಡುವಿನ ಬಾಗಿಲಿಗೆ ಅಡ್ಡವಾಗಿ ಒಂದು ಹಗ್ಗ ಕಟ್ಟಿದ. ಆದರೆ ನಮ್ಮ ಮನೆಯವರು ಮರುದಿನವೇ ಕಂಪನಿಯ ಸಾಹೇಬರನ್ನು ಬರಲು ಹೇಳಿಬಿಟ್ಟಿದ್ದರು. ಸಾಹೇಬರು ನೋಡುವುದು, ಬಾಗಿಲಲ್ಲೇ ನಿಂತು ಪೂಜೆ, ಕಾಯಿ ಹೊರಗೆ ಒಡೆಯುವುದು ಎಂದು ತಾವೇ ಲೆಕ್ಕ ಹಾಕಿದ್ದರು. ಶಿಂಧೆ ತಲೆ ಕೊಡವಿದ. "ಅವಸರ ಮಾಡಬ್ಯಾಡ್ರಿ" ಅಂದ. ಅಫಜಲಪುರದವರು ಕಾಂಕ್ರೀಟು ಹಾಕಿಸಿದ್ದಾರೆಂಬ ಸುದ್ದಿ ಬಂದಿದ್ದರಿಂದ ಇವರು ಕೇಳಲಿಲ್ಲ. ಹೆಂಗಸರಿಗೆ ಯಾರೂ ಏನೂ ಹೇಳಲಿಲ್ಲ. ನೆಲದ ವಿಷಯ ನಮಗೇಕೆ ಹೇಳಬೇಕು? ದಿನಾ ನೆಲ ಒರೆಸುವವರು ಮಾತ್ರ ನಾವು.

ಪೂಜೆಗೆಂದು ಆ ಸಂಜೆ ನಿಂಬರ್ಗಾದಿಂದ ನನ್ನ ಅವ್ವ ಬಂದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಶೇಂಗಾ ಹೋಳಿಗೆ, ಸಜ್ಜೆಯ ಕಡಕ್ ರೊಟ್ಟಿ, ಅಳಿಯನಿಗೆ ಒಂದು ಟವೆಲ್ಲು, ಬೀಗತಿಗೆ ಖಣ. ಮಗಳ ಮನೆಗೆ ಬಂದ ತಾಯಿ ಹೇಗಿರುತ್ತಾಳೋ ಹಾಗೆ ಗೋಡೆಯ ಬದಿಗೆ ಕೂತಳು, ಜಾಸ್ತಿ ಜಾಗ ತೆಗೆದುಕೊಳ್ಳದಂತೆ. ನನ್ನ ಅವ್ವನಿಗೆ ಓದು ಬರುವುದಿಲ್ಲ, ಆದರೆ ನಿಂಬರ್ಗಾದಲ್ಲಿ ಯಾರ ಮನೆಯಲ್ಲಿ ಲಗ್ನವಿದ್ದರೂ ಅಂಗಳ ಸಾರಿಸಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಯ ಸಾರಣೆಯಲ್ಲಿ ಅರ್ಧಚಂದ್ರದಂಥ ಗೆರೆಗಳು ಒಂದರ ಪಕ್ಕ ಒಂದು, ತಪ್ಪದೆ ಏಳುತ್ತಿದ್ದವು. ಮಲಗುವ ಮುಂಚೆ ಒಮ್ಮೆ ನನ್ನ ಕಿವಿಯಲ್ಲಿ, "ಏನ್ ನಾರತೈತಿ ಬೇ ನಿಮ್ಮ ಗ್ಯಾರೇಜು, ನಾಳಿ ದೊಡ್ಡ ಮಂದಿ ಬರ್ತಾರಂತಿ" ಎಂದಳು. ಔಷಧದ ವಾಸನೆ, ಹೋಗುತ್ತದೆ ಎಂದು ಹೇಳಿ ನಾನು ಮಲಗಿದೆ.

ಬೆಳಗ್ಗೆ ಎದ್ದಾಗ ಅವಳ ಹಾಸಿಗೆ ಸುತ್ತಿಟ್ಟಿತ್ತು. ನಡುವಿನ ಬಾಗಿಲು ತೆರೆದಿತ್ತು.

ಅವ್ವ ಗ್ಯಾರೇಜಿನ ಬಾಗಿಲಲ್ಲಿ ಸೀರೆ ಎತ್ತಿ ಕಟ್ಟಿ ಕೂತಿದ್ದಳು. ಬದಿಗೆ ಬಕೀಟು. ಹಿಂದಿನ ಓಣಿಯ ಎಮ್ಮೆಯವರ ಮನೆಯಿಂದ ಸಗಣಿ ತಂದು, ಕಲಸಿ, ಆ ಕನ್ನಡಿಯಂಥ ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಸಾರಿಸಿ ಮುಗಿಸಿದ್ದಳು. ಅರ್ಧಚಂದ್ರಗಳು ಸಾಲಾಗಿ ಎದ್ದಿದ್ದವು. ಬಾಗಿಲ ಬಳಿ ರಂಗೋಲಿ, ರಂಗೋಲಿಗೆ ಅರಿಷಿಣ ಕುಂಕುಮ. ಹಗ್ಗವನ್ನು ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಗೂಟಕ್ಕೆ ತೂಗುಹಾಕಿದ್ದಳು.

"ನಾಯಿ ಬರಬಾರ್ದಂತ ಕಟ್ಟ್ಯಾರೇನೋ ಅಂದ್ಕೊಂಡೆ" ಎಂದು ನಕ್ಕಳು. "ನೆಲ ಯಾಕೋ ಅಂಟಂಟ ಐತಿ ಸುಮಾ. ಅದಕ್ಕ ಎರಡ್ ಸಲ ಕೈ ಆಡಿಸೇನಿ. ಈಗ ವಾಸನಿ ಹೋತು ನೋಡು."

ನಾನೂ ಹಗ್ಗದ ಅರ್ಥ ಪೂರ್ತಿ ತಿಳಿದವಳಲ್ಲ, ಆದರೆ ಏನಾಗಿದೆ ಎಂದು ತಿಳಿಯಲು ಕಣ್ಣು ಸಾಕಿತ್ತು. ಹಸಿ ನೆಲಕ್ಕೆ ಹುಲ್ಲಿನ ಎಸಳುಗಳು ಕಚ್ಚಿಕೊಂಡಿದ್ದವು. ಅವಳ ಪಾದದ ಗುರುತುಗಳು ಒಳಗೆ ಇಳಿದಿದ್ದವು. ನನಗೆ ಮೊದಲು ಬಂದದ್ದು ಅವ್ವನ ಮೇಲಿನ ಕನಿಕರವಲ್ಲ, ನಾಚಿಕೆ. ಇವಳು ನನ್ನ ತಾಯಿ ಎಂಬ ನಾಚಿಕೆ. ಇನ್ನು ಈ ಮನೆಯಲ್ಲಿ ನಿಂಬರ್ಗಾದ ಹೆಸರು ಏನಾಗುತ್ತದೆ ಎಂಬ ದಿಗಿಲು. ಆಗಲೇ ಹಿಂದಿನಿಂದ ಬಳೆಯ ಸದ್ದಾಯಿತು. ಅತ್ತೆ ನಿಂತಿದ್ದರು.

ಅವರು ನೆಲ ನೋಡಿದರು. ಅವ್ವನ ಮುಖ ನೋಡಿದರು. ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, ಅವ್ವನಿಗೆ, "ಯಕ್ಕಾ, ಎಷ್ಟ್ ಛಂದ ಸಾರ್ಸೀರಿ! ನಸುಕಿನ್ಯಾಗ ಎದ್ದ್ ಇಷ್ಟೆಲ್ಲ ಯಾಕ ಮಾಡ್ಲಿಕ್ಕೆ ಹೋದ್ರಿ? ಬರ್ರಿ, ಕೈ ತೊಳ್ಕೋರಿ, ಚಾ ಕುಡೀರಿ" ಎಂದರು.

"ಮಗಳ ಮನಿ ಅಲ್ಲೇನ್ರಿ" ಎಂದಳು ಅವ್ವ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆ ಮನೆಯಲ್ಲಿ ಮೊದಲ ಸಲ ಕಂಡೆ.

ಚಾ ಕುಡಿಸಿದ್ದೇ ಅತ್ತೆ, ಹಬ್ಬಕ್ಕೆಂದು ತವರಿಗೆ ಬಂದಿದ್ದ ನನ್ನ ನಾದಿನಿಯನ್ನು ಎಬ್ಬಿಸಿದರು. ಹರಕೆ ಇದೆ, ಪೂಜೆಗೆ ಮುಂಚೆ ಲಕ್ಷ್ಮಿ ಗುಡಿಯಲ್ಲಿ ಉಡಿ ತುಂಬಿ ಬರಬೇಕು ಎಂದು ಕತೆ ಕಟ್ಟಿ ಅವ್ವನನ್ನು ಅವಳ ಜೊತೆ ಕಳಿಸಿಬಿಟ್ಟರು. ಅವರಿಬ್ಬರೂ ತಿರುವು ದಾಟಿದ ಮೇಲೆ ನನ್ನ ಕೈ ಬಿಟ್ಟರು. "ಯಾರರೆ ಕೇಳಿದ್ರ ನಾ ಸಾರ್ಸಿದ್ದು. ತಿಳೀತಿಲ್ಲ?" ಎಂದರು.

"ಬ್ಯಾಡ್ರಿ ಅತ್ತಿ, ನಾನೇ ಹೇಳ್ತೇನಿ..."

"ಬಾಯಿ ಮುಚ್ಚು. ನೀ ಈ ಮನ್ಯಾಗ ಇನ್ನ ಬಾಳ್ ದಿವಸ ಇರಾಕಿ. ನಿಮ್ಮವ್ವ ಇಲ್ಲಿಗೆ ತಲಿ ಎತ್ತಿ ಬಂದ್ರ, ನೀ ತಲಿ ಎತ್ತಿ ಅಡ್ಡಾಡ್ತಿ."

ನಮ್ಮ ಮನೆಯವರು ಬಂದರು, ಹಿಂದೆ ಶಿಂಧೆ, ಅವನ ಹಿಂದೆ ಕಂಪನಿಯ ಸಾಹೇಬರ ಜೀಪು. ಶಿಂಧೆ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಒಂದು ಹುಲ್ಲಿನ ಎಸಳನ್ನು ಕೀಳಲು ನೋಡಿ, "ಅರೇ ದೇವಾ" ಎಂದ. ಸಾಹೇಬರು ಬಗ್ಗಿ ನೋಡಿದರು. ಆಮೇಲೆ ತಡೆಯಲಾರದೆ ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು. ಆ ನಗುವೇ ನಮ್ಮ ಮನೆಯವರನ್ನು ಕೆಡಿಸಿತು.

"ಯಾರು ಮಾಡಿದ್ದು?" ಎಂದು ಕೂಗಿದರು.

"ನಾನಪ" ಎಂದರು ಅತ್ತೆ. "ಪೂಜಿ ಅಂದಿ. ಹೊಸ ನೆಲ. ಸಾರ್ಸದ ದೀಪ ಹ್ಯಾಂಗ ಇಡೋದು ಅಂತ..."

"ತಲ್ಯಾಗ ಸಗಣಿ ತುಂಬೈತೇನ್ ನಿಂದು? ಹಗ್ಗ ಕಟ್ಟಿದ್ದು ಕಣ್ಣಿಗೆ ಕಾಣ್ಲಿಲ್ಲ? ಆರು ತಿಂಗಳಿಂದ ಒದ್ದಾಡಾಕತ್ತೇನಿ ನಾನು! ನಾಕ್ ಮಂದ್ಯಾಗ ನನ್ನ ಮಾನ ಕಳದಿ. ಬುದ್ಧಿ ಇಲ್ಲಂದ್ರ ಒಳಗ ಬಿದ್ದಿರಬೇಕು!"

ಮೆಕ್ಯಾನಿಕ್ಕುಗಳೆಲ್ಲ ಬೇವಿನ ಮರದ ಕೆಳಗೆ ನಿಂತು ಕೇಳುತ್ತಿದ್ದರು. ಮಾವ ಇದ್ದಾಗ ಆ ಗ್ಯಾರೇಜಿನಲ್ಲಿ ಅತ್ತೆಯ ದನಿಗೆ ಹೆದರದವರು ಇರಲಿಲ್ಲ. ಅತ್ತೆ ತಲೆ ತಗ್ಗಿಸಿ, "ಹಳೀ ಕಾಲದಾಕಿ, ತಿಳೀಲಿಲ್ಲಪ" ಎಂದರು. ನಾನು ಅವರ ಹಿಂದಿನಿಂದ ಒಂದು ಹೆಜ್ಜೆ ಮುಂದಿಟ್ಟೆ, ಹೇಳಿಬಿಡೋಣ ಎಂದು. ಅವರು ತಿರುಗಿ ನೋಡದೆ, ಬೆನ್ನ ಹಿಂದಿನಿಂದಲೇ ಕೈ ಚಾಚಿ ನನ್ನ ಸೆರಗನ್ನು ಹಿಡಿದು ನಿಲ್ಲಿಸಿದರು. ಗಂಡನ ಬಾಯಿಂದ ಬಂದ ಒಂದೊಂದು ಮಾತೂ ನಮ್ಮವ್ವನಿಗೆ ಸೇರಬೇಕಾದದ್ದು. ಅದು ಬೇರೆಯವರ ಮೈಮೇಲೆ ಬೀಳುವುದನ್ನು ನೋಡುತ್ತ ನಿಂತೆ. ಭೂಮಿ ಬಾಯಿ ತೆರೆದರೆ ಹೋಗಿಬಿಡೋಣ ಎನಿಸಿತು.

ಅವ್ವ ಗುಡಿಯಿಂದ ಬರುವಷ್ಟರಲ್ಲಿ ಗ್ಯಾರೇಜಿನ ಶಟರ್ ಇಳಿಸಿದ್ದರು. ಸಾಹೇಬರಿಗೆ ಬೇರೆ ಕೆಲಸ ಬಂತು, ಪೂಜೆ ಮುಂದಕ್ಕೆ ಹೋಯಿತು ಎಂದು ಅತ್ತೆ ಹೇಳಿದರು. ಮರುದಿನ ಎಳ್ಳ ಅಮಾವಾಸ್ಯೆ, ನಿಂಬರ್ಗಾದ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಬೇಕು, ಕಾಳು ಪಲ್ಯೆ ಕೂಡಿಸಿ ಭಜ್ಜಿ ಕುದಿಸಬೇಕು ಎಂದು ಅವ್ವ ಅವತ್ತೇ ಹೊರಟಳು. ಹೋಗುವಾಗ ಅತ್ತೆಗೆ, "ಪೂಜಿ ದಿವಸ ಮತ್ತೊಮ್ಮಿ ಸಾರ್ಸಬೇಕಾಗ್ತದ ನೋಡ್ರಿ, ಒಣಗಿ ಹೋಗಿರ್ತದ" ಎಂದಳು. ಅತ್ತೆ, "ಹೌದ್ರಿ ಯಕ್ಕಾ, ನೀವು ಹೇಳಿದಂಗ" ಎಂದರು.

ಶಿಂಧೆ ನೆಲ ಒಣಗುವವರೆಗೆ ಕಾದು, ತೊಳೆದು, ಮತ್ತೆ ಮಷಿನ್ ಹಿಡಿದು ಉಜ್ಜಿದ, ಮತ್ತೆ ಡಬ್ಬಿ ಕಲಸಿದ. ಈ ಸಲ ವಾರವಿಡೀ ತಾನೇ ಬಾಗಿಲಲ್ಲಿ ಹಾಸಿಗೆ ಹಾಕಿ ಮಲಗಿದ. ತೊಗರಿ ರಾಶಿಯ ಹೊತ್ತಿಗೆ ಸಾಹೇಬರು ಮತ್ತೆ ಬಂದರು, ಒಪ್ಪಿದರು, ಬೋರ್ಡು ನಮಗೇ ಸಿಕ್ಕಿತು. ಅವ್ವ ರಾಶಿ ಬಿಟ್ಟು ಪೂಜೆಗೆ ಬರಲಾಗಲಿಲ್ಲ. ನಾನು ಒಳಗೊಳಗೇ ಉಸಿರು ಬಿಟ್ಟೆ.

ಕೆಲಸ ಕೂಡಿ ಬಂದದ್ದರಿಂದ ನಮ್ಮ ಮನೆಯವರ ಸಿಟ್ಟು ಇಳಿಯಿತು. ಸಿಟ್ಟು ಇಳಿದು ನಗೆಚಾಟಿಕೆಯಾಯಿತು. ಅದು ಸಿಟ್ಟಿಗಿಂತ ಕಷ್ಟ. ಗ್ಯಾರೇಜಿಗೆ ಬಂದ ಟ್ರ್ಯಾಕ್ಟರಿನವರು ನೆಲ ಹೊಗಳಿದರೆ ಸಾಕು, "ನಮ್ಮವ್ವ ಇದಕ್ಕ ಏನ್ ಮಾಡಿದ್ಲು ಗೊತ್ತೇನ್ರಿ?" ಎಂದು ಸುರುಮಾಡುತ್ತಿದ್ದರು. ತಾವು ಅವಸರ ಮಾಡಿದ್ದು ಆ ಕತೆಯಲ್ಲಿ ಬರುತ್ತಿರಲಿಲ್ಲ. ಹೇಳಿ ಹೇಳಿ ಅದಕ್ಕೆ ಕೈಕಾಲು ಬೆಳೆದವು, ಅತ್ತೆ ಎಮ್ಮೆಯನ್ನೇ ಒಳಗೆ ಹೊಡೆದುಕೊಂಡು ಬಂದರೆಂಬಲ್ಲಿಗೆ ಹೋಯಿತು. ಅತ್ತೆ ಅಡುಗೆಮನೆಯಿಂದ ಕೇಳಿಸಿಕೊಂಡು ತಾವೂ ನಗುತ್ತಿದ್ದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸುತ್ತಿತ್ತು. ಒಮ್ಮೆ, "ಅವರಿಗೆ ಖರೆ ಹೇಳಿಬಿಡ್ತೇನ್ರಿ ಅತ್ತಿ" ಎಂದು ಕಾಲು ಹಿಡಿದದ್ದೂ ಉಂಟು. "ಹೇಳಿದ್ರ ನನ್ನ ಮ್ಯಾಲ ಆಣಿ" ಎಂದು ಕಾಲು ಎಳೆದುಕೊಂಡರು. ಮರುಗಳಿಗೆಯಲ್ಲೇ ರೊಟ್ಟಿ ದಪ್ಪವಾಯಿತೆಂದು ಬೈದರು. ಆ ಬೈಗಳು ನನಗೆ ಆಗಿನಿಂದ ಹಗುರವೆನಿಸತೊಡಗಿತು.

ಬೇಸಿಗೆಯಲ್ಲಿ ನಾದಿನಿಯ ಕುಬಸ. ಚೊಚ್ಚಲ ಬಸಿರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಹಾಗಾಗಿ ಎಲ್ಲ ಬೀಗರೂ ಬಂದಿದ್ದರು. ನಿಂಬರ್ಗಾದಿಂದ ಅವ್ವನೂ ಬಂದಿದ್ದಳು. ಪಡಸಾಲೆಯಲ್ಲಿ ಗಂಡಸರ ಸಾಲು ಒಂದು, ಎದುರಿಗೆ ಹೆಂಗಸರ ಸಾಲು ಒಂದು. ಹೋಳಿಗೆ, ಕಟ್ಟಿನ ಸಾರು. ಅತ್ತೆ ಬಡಿಸುತ್ತಿದ್ದರು, ನಾನು ತುಪ್ಪ ಹಿಡಿದಿದ್ದೆ. ನಾದಿನಿಯ ಮಾವ ಗ್ಯಾರೇಜಿನ ನೆಲ ನೋಡಿ ಬಂದಿದ್ದರು. "ಏನ್ ಛಂದ ಮಾಡ್ಸೀರಿ ಬಸವರಾಜ" ಎಂದರು. ನನಗೆ ಮುಂದಿನದು ತಿಳಿಯಿತು. ತಡೆಯಲು ಆಗಲಿಲ್ಲ.

ಕತೆ ಮುಗಿಯುವ ಮುಂಚೆಯೇ ಎಲ್ಲರೂ ನಗುತ್ತಿದ್ದರು. ಅವ್ವನೂ ಮೊದಲು ಎಲ್ಲರ ಜೊತೆ ನಕ್ಕಳು. ಆಮೇಲೆ ಅವಳ ತುತ್ತು ತಟ್ಟೆಗೆ ಇಳಿಯಿತು.

"ಯಾವಾಗಿನ ಮಾತ್ರಿ ಅಳಿಯಾರ ಇದು?"

"ಅದೇ ಅತ್ತಿ, ನೀವೂ ಬಂದಿದ್ರೆಲ್ಲ. ಎಳ್ಳ ಅಮಾಸಿ ಹಿಂದಿನ ದಿವಸ. ಎಲ್ಲಾ ಕೆಟ್ಟು ಕೆರಾ ಹಿಡದಿತ್ತು, ಪೂರಾ ಕಿತ್ತು ಮತ್ತ ಹಾಕ್ಸಬೇಕಾತು."

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ದನಿ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಅದನ್ನ ಸಾರ್ಸಿದಾಕಿ ನಾನ್ರಿ."

ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡೇ ಜೋರಾಗಿ ನಕ್ಕರು. "ಕೇಳ್ರಿ ಎಲ್ಲಾರೂ! ಬೀಗತಿ ನನ್ನ ಮಾನ ಉಳ್ಸಾಕ ತಮ್ಮ ತಲಿ ಮ್ಯಾಲ ಹಾಕ್ಕೊಳಾಕತ್ತಾರ!"

ಎಲ್ಲರೂ ನಂಬಿದರು. "ಎಂಥಾ ದೊಡ್ಡ ಮನಸ್ರಿ ನಿಂಬರ್ಗಾದವರದು" ಎಂದು ನಾದಿನಿಯ ಅತ್ತೆ ಹೊಗಳಿದರು. ಖರೆ ಹೇಳಿದ ನನ್ನ ಅವ್ವ ಹೊಗಳಿಕೆಯ ನಡುವೆ ಕಳ್ಳಿಯ ಹಾಗೆ ಕೂತಿದ್ದಳು. ಸುತ್ತ ನೋಡಿ, ಕೊನೆಗೆ ನನ್ನನ್ನು ನೋಡಿದಳು. "ನೀ ಹೇಳ ಸುಮಾ. ನೀ ಕಂಡಿ."

ಅತ್ತೆ ನನ್ನತ್ತ ಕಣ್ಣು ಬಿಟ್ಟರು. ಆಣೆ ನೆನಪಿತ್ತು. ತುಪ್ಪದ ಗಿಂಡಿಯನ್ನು ಕೆಳಗಿಟ್ಟೆ.

"ಹೌದ್ರಿ. ನಮ್ಮವ್ವನೇ ಸಾರ್ಸಿದ್ದು. ಅತ್ತಿ ತಮ್ಮ ಮ್ಯಾಲ ಹಾಕ್ಕೊಂಡ್ರು. ನನಗ ಬಾಯಿ ಬಿಡಾಕ ಬಿಡಲಿಲ್ಲ."

ನಗು ನಿಂತಿತು. ನಮ್ಮ ಮನೆಯವರು ತಮ್ಮ ತಾಯಿಯನ್ನು ನೋಡಿದರು. ಬಹುಶಃ ತಾವಾಡಿದ ಒಂದೊಂದು ಮಾತೂ ಅವರಿಗೆ ನೆನಪಾಗುತ್ತಿತ್ತು. "ಯಾಕ ಹೇಳ್ಲಿಲ್ಲವ್ವಾ?" ಎಂದರು.

ಅತ್ತೆಗೆ ಸಿಟ್ಟು ಬಂದಿತ್ತು, ಸಿಕ್ಕಿಬಿದ್ದವರ ಸಿಟ್ಟು. "ಏನ್ ಹೇಳೋದು? ನೀ ನನಗ ಬೈದ್ರ ಮಗ ತಾಯಿಗೆ ಬೈದಂಗ, ಸಂಜಿಗೆ ಮತ್ತ ನನ್ನ ಕೈಲೇ ಉಣ್ಣಾಂವ. ಆಕಿಗೆ ಬೈದಿದ್ರ ಅಳಿಯ ಬೈದಂಗ ಆಗ್ತಿತ್ತು. ಅದು ಯಾವತ್ತರೆ ಹೋಗ್ತದೇನೋ?"

ನನ್ನ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅವಳ ಪಕ್ಕ ಹೋಗಿ ಕೂರಲು ನನಗೆ ಧೈರ್ಯ ಬರಲಿಲ್ಲ. ಅವಳು ನನ್ನ ತಾಯಿ ಎಂದು ಆ ಬೆಳಗ್ಗೆ ಒಂದು ಕ್ಷಣ ನಾಚಿದ್ದು ಅವಳಿಗೆ ಗೊತ್ತಾಗಿಬಿಟ್ಟಿದೆ ಎನಿಸಿತು.

ಪಡಸಾಲೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ನಮ್ಮ ಕಡೆಯ ಗಂಡಸರಿಗೆ ತಪ್ಪಾಯಿತು ಎನ್ನಲು ಬರುವುದಿಲ್ಲ, ತಾಯಿಯ ಮುಂದಂತೂ ಇಲ್ಲ. ನಮ್ಮ ಮನೆಯವರು ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಆಮೇಲೆ, "ಅವ್ವಾ, ಒಂಚೂರು ಸಾರ ಹಾಕು" ಎಂದರು.

ಅವರ ತಟ್ಟೆಯ ತುಂಬ ಸಾರಿತ್ತು. ಅತ್ತೆ ಬಂದು ಹಾಕಿದರು.